ಕುಡಿತದ ಮನೆಗೆ ಬರುವ ದಲ್ಲಾಳಿ

ಸಾಗಾಣಿಕೆ ಎಂದ ಕೂಡಲೇ ನಮ್ಮ ಕಡೆಯವರ ಕಣ್ಣಿಗೆ ಬರುವುದು ಲಾರಿ. ಶಾಂತಿಗ್ರಾಮದ ಟೋಲ್ ಹತ್ತಿರ ಅರ್ಧ ಗಂಟೆ ನಿಂತರೆ ಶುಂಠಿ ಮೂಟೆ, ತೆಂಗಿನಕಾಯಿ, ಆಲೂಗಡ್ಡೆ, ಮಂಗಳೂರು ಕಡೆಯ ಟ್ಯಾಂಕರ್ ಎಲ್ಲವೂ ಸಾಲುಗಟ್ಟಿ ಹೋಗುತ್ತವೆ. ಹಾಗಾಗಿ ‘ಮಾನವ ಕಳ್ಳಸಾಗಣೆ ತಡೆಯಿರಿ’ ಎಂಬ ಬರಹ ಠಾಣೆಯ ಗೋಡೆಯ ಮೇಲೆ ಕಂಡಾಗ, ಯಾರೋ ಗುರುತಿಲ್ಲದವರು ರಾತ್ರೋರಾತ್ರಿ ಹುಡುಗಿಯನ್ನು ಗಾಡಿಗೆ ಹತ್ತಿಸಿಕೊಂಡು ಮುಂಬೈಗೆ ಹೋದರು ಎಂಬ ಚಿತ್ರವೇ ಮನಸ್ಸಿಗೆ ಬರುತ್ತದೆ. ಹಾಗೂ ನಡೆಯುವುದುಂಟು. ಆದರೆ ಕಾನೂನು ಹೇಳುವ ಕಳ್ಳಸಾಗಣೆಗೆ ಗಾಡಿಯೇ ಬೇಕೆಂದಿಲ್ಲ, ಊರು ಬಿಡಬೇಕೆಂದೂ ಇಲ್ಲ. ತನ್ನ ಮನೆಯಲ್ಲೇ ಮಲಗಿ, ತನ್ನೂರಿನ ಬಸ್ಸಿನಲ್ಲೇ ಕಾಲೇಜಿಗೆ ಹೋಗಿ ಬರುವ ಹುಡುಗಿಯೂ ಕಳ್ಳಸಾಗಣೆಗೆ ಸಿಕ್ಕಿರಬಹುದು.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಇದನ್ನು ಬಿಡಿಸಿ ಹೇಳುತ್ತದೆ. ಶೋಷಣೆಯ ಉದ್ದೇಶದಿಂದ ಒಬ್ಬರನ್ನು ಗೊತ್ತುಮಾಡಿಕೊಳ್ಳುವುದು, ಸಾಗಿಸುವುದು, ಇರಿಸಿಕೊಳ್ಳುವುದು, ಇನ್ನೊಬ್ಬರಿಗೆ ಒಪ್ಪಿಸುವುದು, ಒಪ್ಪಿಸಿದವರಿಂದ ಪಡೆಯುವುದು, ಈ ಐದರಲ್ಲಿ ಯಾವುದಾದರೂ ಒಂದು ನಡೆದಿರಬೇಕು. ಅದಕ್ಕೆ ಬಳಸಿದ ದಾರಿ ಬೆದರಿಕೆ, ಬಲವಂತ, ಅಪಹರಣ, ಮೋಸ, ಅಧಿಕಾರದ ದುರ್ಬಳಕೆ ಅಥವಾ ಆಮಿಷ ಆಗಿರಬೇಕು. ಆ ವ್ಯಕ್ತಿಯ ಮೇಲೆ ಹಿಡಿತ ಇರುವವರ ಒಪ್ಪಿಗೆ ಪಡೆಯಲು ಹಣವನ್ನೋ ಬೇರೆ ಲಾಭವನ್ನೋ ಕೊಡುವುದು, ಪಡೆಯುವುದು ಕೂಡ ಆಮಿಷವೇ ಎಂದು ಕಲಂ ಬಿಡಿಸಿ ಸೇರಿಸಿದೆ.

ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಹುಡುಗಿಯ ಮೇಲೆ ಹಿಡಿತ ಇರುವವನು ಅಪ್ಪ ಇರಬಹುದು, ಚಿಕ್ಕಪ್ಪ ಇರಬಹುದು, ಗಂಡ ಇರಬಹುದು. ಅವನಿಗೆ ದಿನಾ ಸಂಜೆ ಕೊಡಿಸಿದ ಕ್ವಾರ್ಟರ್ ಕೂಡ ಲಾಭವೇ. ಕಳ್ಳಸಾಗಣೆಗೂ ಅಮಲಿಗೂ ಇರುವ ನಂಟು ಇಲ್ಲಿಂದ ಶುರುವಾಗುತ್ತದೆ. ಹಳ್ಳಿಯಲ್ಲಿ ಈ ದಂಧೆಯವರು ಮೊದಲು ಹುಡುಕುವುದು ಹುಡುಗಿಯನ್ನಲ್ಲ. ಕಾಯುವವರು ಸೋತುಹೋದ ಮನೆಯನ್ನು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಕುಡಿಯುವವರೆಲ್ಲ ಮಕ್ಕಳನ್ನು ಮಾರುವುದಿಲ್ಲ. ಎಷ್ಟೋ ಮನೆಗಳಲ್ಲಿ ಕುಡಿದು ಬಂದ ಅಪ್ಪನೇ ಮಗಳ ಫೀಸಿಗೆಂದು ಇನ್ನೊಬ್ಬರ ಮುಂದೆ ಕೈಚಾಚಿ ನಿಂತಿದ್ದಾನೆ. ಮದ್ಯ ತಾನಾಗಿ ಯಾರನ್ನೂ ಮಾರುವುದಿಲ್ಲ. ಮಾರುವವನೊಬ್ಬ, ಕೊಳ್ಳುವವನೊಬ್ಬ ಬೇರೆಯೇ ಇರುತ್ತಾನೆ. ಕುಡಿತದ ಮನೆಯನ್ನು ಊರು ಹಂಗಿಸಿ ದೂರ ಇಟ್ಟಷ್ಟೂ ಅವರಿಬ್ಬರ ಕೆಲಸ ಸುಲಭವಾಗುತ್ತದೆ.

ಯಾವ ಅಮಲು?

ಪತ್ರಿಕೆಗಳಲ್ಲಿ ‘ಡ್ರಗ್ಸ್’ ಎಂದರೆ ಬೆಂಗಳೂರಿನ ಪಾರ್ಟಿ, ವಿದೇಶಿ ಪುಡಿ. ನಮ್ಮ ಹೋಬಳಿಗಳ ಲೆಕ್ಕದಲ್ಲಿ ಮೊದಲು ಬರುವುದು ಎಣ್ಣೆ, ಅಂದರೆ ಮದ್ಯ. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಂದು. ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ಅಗ್ಗದ ಬಾಟಲಿ ಬಂತು, ಟೆಟ್ರಾ ಪ್ಯಾಕ್ ಬಂತು. ಲೈಸೆನ್ಸ್ ಇರುವ ಅಂಗಡಿ ಹೆದ್ದಾರಿಯಲ್ಲೋ ಪಟ್ಟಣದಲ್ಲೋ ಇದ್ದರೂ ಮಾಲು ಗೂಡಂಗಡಿಯ ಬಿಸ್ಕತ್ ಡಬ್ಬದ ಹಿಂದೆ ಬಂದು ಕೂರುವುದನ್ನು ತಿಳಿಯದ ಹಳ್ಳಿ ಕಡಿಮೆ. ಬೆಳಿಗ್ಗೆ ಆರಕ್ಕೇ ಮನೆ ಹತ್ತಿರ ಸಿಗುವ ಮದ್ಯಕ್ಕೂ ಎಂಟು ಕಿಲೋಮೀಟರ್ ಹೋಗಿ ತರಬೇಕಾದ ಮದ್ಯಕ್ಕೂ ತುಂಬಾ ವ್ಯತ್ಯಾಸವಿದೆ. ಚಟ ಬಲಿಯುವುದು ಮೊದಲನೆಯದರಲ್ಲಿ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ 10ರಿಂದ 75 ವರ್ಷದವರಲ್ಲಿ ಶೇ 14.6ರಷ್ಟು ಜನ ಮದ್ಯ ಕುಡಿಯುತ್ತಾರೆ. ಗಾಂಜಾ, ಭಂಗಿ, ಚರಸ್ ಬಳಸುವವರು ಶೇ 2.8. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡಿತು. ಮದ್ಯಕ್ಕೆ ದಾಸರಾದವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನ ಇರುವುದು ಮನೆಗಳಲ್ಲೇ, ಹೆಂಡತಿ ಮಕ್ಕಳ ನಡುವೆ.

ಮದ್ಯದ ನಂತರ ಗಾಂಜಾ. ಹುಡುಗರ ಬಾಯಲ್ಲಿ ಅದು ಸೊಪ್ಪು. ಆಮೇಲೆ ಚೀಟಿ ಇಲ್ಲದೆ ಸಿಗುವ ನೋವಿನ ಮಾತ್ರೆ, ನಿದ್ದೆ ಮಾತ್ರೆ. ಪಂಕ್ಚರ್ ಅಂಗಡಿಯ ಸಲ್ಯೂಷನ್ನು ಬಟ್ಟೆಗೆ ಹಾಕಿ ಮೂಸುವ ಸಣ್ಣ ಹುಡುಗರೂ ಇದ್ದಾರೆ. ಇವುಗಳಲ್ಲಿ ಮಾತ್ರೆಗಳ ಮೇಲೆ ಹೆಚ್ಚು ನಿಗಾ ಬೇಕು. ಅವಕ್ಕೆ ವಾಸನೆ ಇಲ್ಲ, ಹುಡುಗಿಯ ಬ್ಯಾಗಿನಲ್ಲಿದ್ದರೆ ತಲೆನೋವಿನದು ಎಂದುಕೊಳ್ಳುತ್ತೇವೆ, ಜ್ಯೂಸಿನಲ್ಲಿ ಕರಗಿಸಿದರೆ ಗೊತ್ತಾಗುವುದಿಲ್ಲ.

ದಲ್ಲಾಳಿ ಮನೆ ಆರಿಸುವ ಬಗೆ

ದಲ್ಲಾಳಿ ಎಂದರೆ ಕಪ್ಪು ಕನ್ನಡಕದವನಲ್ಲ. ಎಷ್ಟೋ ಸಲ ಅದು ಹೆಂಗಸು, ಗುರುತಿನವಳು, ಕೆಲವೊಮ್ಮೆ ದೂರದ ನೆಂಟಳೇ. ಪಟ್ಟಣದಲ್ಲಿ ನಾಲ್ಕು ವರ್ಷ ಇದ್ದು ಬಂದವಳು, ಒಳ್ಳೆಯ ಸೀರೆ ಉಟ್ಟವಳು, ಹಬ್ಬಕ್ಕೆ ಬಂದಾಗ ಮಕ್ಕಳ ಕೈಗೆ ನೂರು ರೂಪಾಯಿ ಇಡುವವಳು. ಅವಳು ಊರಿಗೆ ಬಂದರೆ ಮೊದಲು ಕಿವಿಗೆ ಹಾಕಿಕೊಳ್ಳುವುದು ಸಾಲದ ಸುದ್ದಿ.

ನಮ್ಮ ಸುತ್ತಿನ ಬೇಸಾಯವೇ ಏರಿಳಿತದ್ದು. ಆಲೂಗಡ್ಡೆಗೆ ಅಂಗಮಾರಿ ಬಿದ್ದ ವರ್ಷ ಬೀಜದ ಸಾಲವೂ ಹುಟ್ಟುವುದಿಲ್ಲ. ಶುಂಠಿಯ ಬೆಲೆ ಕುಸಿದರೆ ಗುತ್ತಿಗೆಗೆ ಹಾಕಿದ ಹಣ ಮಣ್ಣುಪಾಲು. ಅರಕಲಗೂಡು ಕಡೆ ಹೊಗೆಸೊಪ್ಪು ಬ್ಯಾರನ್ನಿನಿಂದ ಇಳಿದು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ತನಕ ಮನೆ ನಡೆಯುವುದು ಕೈಸಾಲದಲ್ಲಿ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಬೆಲೆ ಬಿದ್ದ ವರ್ಷವೂ ಇದೇ ಕತೆ. ಸಾಲ ಎಲ್ಲ ಮನೆಗೂ ಇದೆ. ಗಂಡಸು ಕುಡಿತಕ್ಕೆ ಬಿದ್ದ ಮನೆಯಲ್ಲಿ ಅದರ ಜೊತೆಗೆ ಇನ್ನೂ ಮೂರು ಆಗುತ್ತವೆ. ವಾರದ ಕಂತು ತಪ್ಪುತ್ತದೆ. ಹೆಂಡತಿ ಕೂಲಿಗೆ ಹೋಗಬೇಕಾಗಿ ಮನೆಯಲ್ಲಿ ಹಗಲು ಹೊತ್ತು ದೊಡ್ಡವರಿರುವುದಿಲ್ಲ. ನೆಂಟರು, ಅಕ್ಕಪಕ್ಕದವರು ಬರುವುದನ್ನು ನಿಲ್ಲಿಸುತ್ತಾರೆ. ಈ ಮೂರೂ ಕೂಡಿದ ಮನೆಯಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿ ಇದ್ದರೆ ದಲ್ಲಾಳಿಗೆ ಬೇಕಾದದ್ದು ಸಿಕ್ಕಂತೆ.

ಅವಳು ಮಗಳನ್ನು ಕೊಡಿ ಎಂದು ಕೇಳುವುದಿಲ್ಲ. “ಏನಕ್ಕಾ, ಸಂಘದ ಕಂತು ಕಟ್ಟಿಲ್ವಂತೆ, ತಗೋ, ಆಮೇಲೆ ಕೊಡೋವಂತೆ” ಎಂದು ಎರಡು ಸಾವಿರ ಇಡುತ್ತಾಳೆ. ಅಣ್ಣನಿಗೆ ಒಂದು ಬಾಟಲಿ. ಮೂರನೇ ಭೇಟಿಗೆ ಕೆಲಸದ ಮಾತು ಬರುತ್ತದೆ: ಬೆಂಗಳೂರಲ್ಲಿ ಗಾರ್ಮೆಂಟ್ಸ್, ಮೈಸೂರಲ್ಲಿ ಬ್ಯೂಟಿ ಪಾರ್ಲರ್, ಯಾರದೋ ಮನೆಯಲ್ಲಿ ಮಗು ನೋಡಿಕೊಳ್ಳುವುದು. ಇಲ್ಲವೇ ಗಂಡಿನ ಮಾತು: ವರದಕ್ಷಿಣೆ ಬೇಡ, ಮದುವೆ ಖರ್ಚೆಲ್ಲ ಅವರದೇ, ಸ್ವಲ್ಪ ದೂರದ ಊರು ಅಷ್ಟೆ. ಹುಡುಗಿಗೆ 18 ತುಂಬಿರುವುದಿಲ್ಲ. ನಮ್ಮ ರಾಜ್ಯದಲ್ಲಿ 2017ರಿಂದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಅದು ಮದುವೆಯೇ ಅಲ್ಲ. ಹಾಗಿದ್ದರೂ ತಾಳಿ ಕಟ್ಟಿದ ಮೇಲೆ ಹುಡುಗಿ ಎಲ್ಲಿಗೆ ಹೋದಳು ಎಂದು ಯಾರೂ ಕೇಳುವುದಿಲ್ಲ. ಅದು ದಲ್ಲಾಳಿಗೆ ಚೆನ್ನಾಗಿ ಗೊತ್ತು.

ಅಮೆರಿಕದ ಕೆಂಟಕಿ ರಾಜ್ಯದಲ್ಲೂ ಹಳ್ಳಿಗಳು, ಹೊಗೆಸೊಪ್ಪು, ಬಡತನ ಇವೆ. ಅಲ್ಲಿನ ವಿಶ್ವವಿದ್ಯಾಲಯದ ಜಿನ್ನಿ ಸ್ಪ್ರಾಂಗ್ ಮತ್ತು ಜೆನಿಫರ್ ಕೋಲ್ 2018ರಲ್ಲಿ, ಮನೆಯವರಿಂದಲೇ ಲೈಂಗಿಕ ಕಳ್ಳಸಾಗಣೆಗೆ ಒಳಗಾದ 31 ಮಕ್ಕಳ ಅಧ್ಯಯನ ಪ್ರಕಟಿಸಿದರು. ಬಹುಪಾಲು ಪ್ರಕರಣಗಳಲ್ಲಿ ಮಗುವಿನ ಬದಲಿಗೆ ಮನೆಯವರ ಕೈ ಸೇರಿದ್ದು ಮಾದಕ ವಸ್ತು. ಆ ಮಕ್ಕಳಲ್ಲಿ ಹೆಚ್ಚಿನವರು ಹೊರಗಿನ ಕಣ್ಣಿಗೆ ತಮ್ಮ ಮನೆಯಲ್ಲೇ ಇದ್ದರು, ಶಾಲೆಗೂ ಹೋಗುತ್ತಿದ್ದರು. ಅಲ್ಲಿನದು ಮಾದಕ ವಸ್ತು, ಇಲ್ಲಿನದು ಟೆಟ್ರಾ ಪ್ಯಾಕ್. ನಡೆಯುವ ರೀತಿ ಮಾತ್ರ ಒಂದೇ.

ಇನ್ನೊಂದು ದಾರಿ ಮನೆಯ ಮೂಲಕ ಬರುವುದಿಲ್ಲ, ಫೋನಿನ ಮೂಲಕ ಬರುತ್ತದೆ. ಹಳ್ಳಿಯಿಂದ ಹಾಸನದ ಕಾಲೇಜಿಗೆ ಓಡಾಡುವ ಹುಡುಗಿಗೆ ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಪರಿಚಯವಾಗುತ್ತಾನೆ, ಇಲ್ಲವೇ ಗೆಳತಿಯೊಬ್ಬಳು ಯಾರದೋ ಬರ್ತ್‌ಡೇ ಎಂದು ಕರೆದೊಯ್ಯುತ್ತಾಳೆ. ಕುಡಿಸಿ ಅಥವಾ ಕುಡಿಯುವುದರಲ್ಲಿ ಮಾತ್ರೆ ಬೆರೆಸಿ, ವಿಡಿಯೊ ಮಾಡಿಕೊಳ್ಳುತ್ತಾರೆ. ಮಾರನೆಯ ದಿನದಿಂದ ಆ ವಿಡಿಯೊನೇ ಹಗ್ಗ. ಅಪ್ಪ ಕುಡುಕನಾಗಿದ್ದರೆ ಹುಡುಗಿ ಮನೆಯಲ್ಲಿ ಹೇಳುವ ಸಾಧ್ಯತೆ ಇನ್ನೂ ಕಡಿಮೆ. ‘ಅಪ್ಪ ಕೊಂದೇಬಿಡ್ತಾನೆ, ಅಮ್ಮ ಸತ್ತೇಹೋಗ್ತಾಳೆ’ ಎಂದೇ ಅವಳ ಲೆಕ್ಕ.

ವಿಡಿಯೊ ಹಿಡಿದು ಬೆದರಿಸುವುದು ಹೇಗೆ ಎಂಬುದು 2022ರ ಫೆಬ್ರವರಿಯಲ್ಲಿ ಮಂಗಳೂರಿನ ಒಂದು ಪ್ರಕರಣದಲ್ಲಿ ಬಯಲಾಯಿತು. ಅಪಾರ್ಟ್‌ಮೆಂಟ್ ಒಂದರಲ್ಲಿ ಹೆಂಗಸೊಬ್ಬಳು ಕೆಲವರ ಜೊತೆ ಸೇರಿ ಕಾಲೇಜು ಹುಡುಗಿಯರನ್ನು ವಿಡಿಯೊದಿಂದ ಬೆದರಿಸಿ ದಂಧೆಗೆ ಬಳಸುತ್ತಿದ್ದಳು ಎಂದು ಪೊಲೀಸರು ಹತ್ತಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಅದು ಹೊರಬಿದ್ದದ್ದು ಯಾವ ಗುಪ್ತಚರ ಕಾರ್ಯಾಚರಣೆಯಿಂದಲೂ ಅಲ್ಲ. ಪಿಯುಸಿ ಓದುತ್ತಿದ್ದ ಒಬ್ಬ ಹುಡುಗಿ ಧೈರ್ಯ ಮಾಡಿ ಕಾಲೇಜಿನ ಪ್ರಾಂಶುಪಾಲರಿಗೆ ಹೇಳಿದಳು. ಮಾತು ಮಕ್ಕಳ ಕಲ್ಯಾಣ ಸಮಿತಿಗೆ ತಲುಪಿತು, ಅಲ್ಲಿಂದ ಠಾಣೆಗೆ. ಕೇಳಿಸಿಕೊಂಡ ಒಬ್ಬರು ಇದ್ದದ್ದರಿಂದ ಉಳಿದ ಹುಡುಗಿಯರಿಗೂ ಬಿಡುಗಡೆಯ ದಾರಿ ಕಂಡಿತು.

ಅಮಲಿನ ಬೀಗ

ಹುಡುಗಿ ಒಮ್ಮೆ ಕೈಗೆ ಸಿಕ್ಕ ಮೇಲೆ ಅಮಲಿನ ಕೆಲಸ ಬದಲಾಗುತ್ತದೆ. ಮೊದಲು ಮೈ ನೋವು, ಹೇಸಿಗೆ, ಭಯ ಗೊತ್ತಾಗದಿರಲಿ ಎಂದು ಕುಡಿಸುತ್ತಾರೆ. ಕುಡಿಯದಿದ್ದರೆ ಹೊಡೆಯುತ್ತಾರೆ. ಎರಡು ಮೂರು ತಿಂಗಳಲ್ಲಿ ಕುಡಿಯದಿದ್ದರೆ ಅವಳ ಕೈಯೇ ನಡುಗುತ್ತದೆ. ಆಮೇಲೆ ಬಾಗಿಲಿಗೆ ಚಿಲಕ ಹಾಕುವ ಅಗತ್ಯವೇ ಇಲ್ಲ. ಹೊರಗೆ ಹೋದರೂ ಸಂಜೆಗೆ ಬೇಕಾದ ಮಾತ್ರೆ ಇರುವುದು ಅವರ ಹತ್ತಿರ. ಅದರ ಬೆಲೆಯನ್ನೂ ಅವಳ ಸಾಲಕ್ಕೇ ಬರೆದುಕೊಳ್ಳುತ್ತಾರೆ. ಊಟ, ಬಟ್ಟೆ, ಬಾಡಿಗೆ, ಮಾತ್ರೆ, ಅಪ್ಪನಿಗೆ ಕೊಟ್ಟ ಮುಂಗಡ ಎಂದು ಲೆಕ್ಕ ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ.

ಕೊನೆಯ ಬೀಗ ಭಯದ್ದು. “ನೀನೂ ಗಾಂಜಾ ಸೇದಿದೀಯ, ಪೊಲೀಸ್ ಹತ್ರ ಹೋದ್ರೆ ಮೊದ್ಲು ನಿನ್ನೇ ಒಳಗೆ ಹಾಕೋದು” ಎನ್ನುತ್ತಾರೆ. ಅವಳು ನಂಬುತ್ತಾಳೆ, ಏಕೆಂದರೆ ಹೊರಗಿನ ಲೋಕವೂ ಅವಳಿಗೆ ಅದನ್ನೇ ಹೇಳಿದೆ. ಕಾನೂನು ಹಾಗೆ ಹೇಳುವುದಿಲ್ಲ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಕಳ್ಳಸಾಗಣೆ ಕಲಂನ ವಿವರಣೆಯಲ್ಲಿ ಸಂತ್ರಸ್ತರ ಒಪ್ಪಿಗೆಗೆ ಬೆಲೆಯೇ ಇಲ್ಲ. ಅವಳು ಕುಡಿದಳು, ನಕ್ಕಳು, ಹಣ ತೆಗೆದುಕೊಂಡಳು ಎಂಬುದು ಆರೋಪಿಯ ಪರವಾದ ವಾದ ಆಗುವುದಿಲ್ಲ. ಅಮಲು ಬರಿಸುವ ವಸ್ತು ಕೊಟ್ಟು ಅಪರಾಧಕ್ಕೆ ದಾರಿ ಮಾಡುವುದು ನ್ಯಾಯ ಸಂಹಿತೆಯ 123ನೇ ಕಲಂನಲ್ಲಿ ಬೇರೆಯದೇ ಅಪರಾಧ, 10 ವರ್ಷದವರೆಗೆ ಶಿಕ್ಷೆ ಇದೆ. ಕಳ್ಳಸಾಗಣೆಗೆ ಕನಿಷ್ಠ 7 ವರ್ಷ. ಬಲಿಯಾದವರು 18ರೊಳಗಿನವರಾದರೆ ಕನಿಷ್ಠ 10 ವರ್ಷ, ಗರಿಷ್ಠ ಜೀವಾವಧಿ.

ವಯಸ್ಕ ಹೆಣ್ಣೊಬ್ಬಳು ತನ್ನ ಇಚ್ಛೆಯಿಂದ ಲೈಂಗಿಕ ವೃತ್ತಿಯಲ್ಲಿದ್ದರೆ ಅದು ಬೇರೆ ವಿಷಯ. 2022ರ ಮೇ 19ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಅಂಥವರನ್ನು ದಾಳಿಯ ಹೆಸರಿನಲ್ಲಿ ಬಂಧಿಸುವುದು, ಪೀಡಿಸುವುದು ಕೂಡದು ಎಂದಿದೆ. ಈ ಲೇಖನ ಅವರ ಕುರಿತದ್ದಲ್ಲ.

ಕೂಲಿಯ ಶೋಷಣೆ, ಮೈಯ ಶೋಷಣೆ ಎಂದು ನಾವು ಬೇರೆ ಬೇರೆ ಎಣಿಸುತ್ತೇವೆ. ನೆಲದ ಮೇಲೆ ಅವು ಜೊತೆಯಾಗಿಯೇ ಇರುತ್ತವೆ. 2018ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ, ಶೆಡ್ಡಿನಲ್ಲಿ ಕೂಡಿಹಾಕಿ ದುಡಿಸಿಕೊಳ್ಳುತ್ತಿದ್ದ 52 ಜನರನ್ನು ಬಿಡುಗಡೆ ಮಾಡಲಾಯಿತು. ಅವರಲ್ಲಿ 16 ಹೆಂಗಸರು, 4 ಮಕ್ಕಳು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಕೆಲಸ ಹುಡುಕುತ್ತ ಕೂತಿದ್ದವರಿಗೆ ದಿನಕ್ಕೆ 600 ರೂಪಾಯಿ ಕೂಲಿಯ ಆಸೆ ತೋರಿಸಿ ಕರೆತಂದಿದ್ದರು. ತಮ್ಮ ಮೇಲೆ ಲೈಂಗಿಕ ದೌರ್ಜನ್ಯವೂ ನಡೆದಿದೆ ಎಂದು ಆ ಹೆಂಗಸರು ಹೇಳಿದರು. ನೆಲೆ ತಪ್ಪಿ ನಿಲ್ದಾಣದಲ್ಲಿ ಕೂತವರನ್ನು ನಾವು ನೋಡಿಯೂ ನೋಡದಂತೆ ಹೋಗುತ್ತೇವೆ. ದಲ್ಲಾಳಿ ಅವರ ಪಕ್ಕ ಹೋಗಿ ಕೂರುತ್ತಾನೆ, ಟೀ ಕೊಡಿಸುತ್ತಾನೆ.

ಹುಡುಗಿ ಕಾಣೆಯಾದ ದಿನ

“ಓಡಿಹೋಗಿರ್ತಾಳೆ ಬಿಡಿ, ಎರಡು ದಿನ ನೋಡಿ.” ಹೆಣ್ಣುಮಗು ಕಾಣೆಯಾದಾಗ ಎಲ್ಲ ಕಡೆ ಕೇಳುವ ಮಾತು ಇದು. ಆ ಎರಡು ದಿನದಲ್ಲಿ ಅವಳು ಮೂರು ಕೈ ದಾಟಿರಬಹುದು. ಕಾಣೆಯಾದವರು 18ರೊಳಗಿನವರಾದರೆ ಕಾಯುವ ಮಾತೇ ಇಲ್ಲ. 2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಮಗು ಕಾಣೆಯಾದ ಪ್ರತಿ ದೂರನ್ನೂ ಅಪಹರಣ ಅಥವಾ ಕಳ್ಳಸಾಗಣೆ ಎಂದೇ ಮೊದಲು ಭಾವಿಸಿ ಎಫ್‌ಐಆರ್ ದಾಖಲಿಸಬೇಕು. ನಾಲ್ಕು ತಿಂಗಳಾದರೂ ಪತ್ತೆಯಾಗದಿದ್ದರೆ ಪ್ರಕರಣವನ್ನು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಒಪ್ಪಿಸಬೇಕು. ಘಟನೆ ಬೇರೆ ಠಾಣೆಯ ಸರಹದ್ದಿನದು ಎಂದು ವಾಪಸ್ ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯಿರಿ.

ದೂರು ಕೊಡಲು ಹೋಗುವಾಗ ಹುಡುಗಿಯ ಇತ್ತೀಚಿನ ಫೋಟೊ, ಆಧಾರ್ ಅಥವಾ ಶಾಲೆಯ ದಾಖಲೆ, ಫೋನ್ ನಂಬರು ಒಯ್ಯಿರಿ. ಎರಡು ತಿಂಗಳಿಂದ ಮನೆಗೆ ಹೊಸದಾಗಿ ಬಂದು ಹೋಗುತ್ತಿದ್ದವರ ಹೆಸರನ್ನೂ ಬರೆದುಕೊಂಡು ಹೋಗಿ. ಸಾಲ ಕೊಟ್ಟವರು, ಕುಡಿಸಿದವರು, ಕೆಲಸ ಕೊಡಿಸುತ್ತೇನೆಂದವರು, ಎಲ್ಲರದೂ ಇರಲಿ. ಅಪ್ಪ ಕುಡುಕ ಎಂಬ ನಾಚಿಕೆಗೆ ಈ ಸಂಗತಿಯನ್ನು ಮನೆಯವರು ಮುಚ್ಚಿಡುತ್ತಾರೆ. ತನಿಖೆಗೆ ಸಿಗಬಹುದಾದ ಮೊದಲ ಎಳೆ ಅಲ್ಲೇ ಕಳೆದುಹೋಗುತ್ತದೆ.

ಸಿಕ್ಕ ಹುಡುಗಿಯನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮನೆಯ ಪರಿಸ್ಥಿತಿ ವಿಚಾರಿಸಿದ ಮೇಲಷ್ಟೇ ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುತ್ತದೆ. ಮಾರಿದ್ದೇ ಮನೆಯವರಾದರೆ ತಕ್ಷಣ ಅದೇ ಮನೆಗೆ ಕಳಿಸುವುದು ಮತ್ತೆ ಮಾರಿದಂತೆ. ಮೈಸೂರಿನ ಒಡನಾಡಿ ಸೇವಾ ಸಂಸ್ಥೆ ಹುಟ್ಟಿದ್ದು ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಅವರಿಂದ. ಅದು ಹುಡುಗಿಯರನ್ನು ಬಿಡಿಸಿ ತರುವುದರ ಜೊತೆಗೆ ಅವರಿಗೆ ವಸತಿ, ಓದು, ಕೆಲಸದ ತರಬೇತಿಯನ್ನೂ ಕೊಡುತ್ತಾ ಬಂದಿದೆ. ದಾಳಿ ಒಂದು ದಿನದ್ದು, ಮತ್ತೆ ಬದುಕು ಕಟ್ಟಿಕೊಳ್ಳುವುದಕ್ಕೆ ವರ್ಷಗಳೇ ಹಿಡಿಯುತ್ತವೆ.

ಆಸ್ಪತ್ರೆಯಲ್ಲಿ ನಡೆಯಬೇಕಾದದ್ದು

ಅಮಲು ಕೊಟ್ಟು ದೌರ್ಜನ್ಯ ನಡೆದಿದ್ದರೆ ಅದರ ಗುರುತು ಮೈಯಲ್ಲಿ ಉಳಿಯುವುದು ಸ್ವಲ್ಪ ಹೊತ್ತು ಮಾತ್ರ. ಹೆಚ್ಚಿನ ಮಾತ್ರೆಗಳು ರಕ್ತದಲ್ಲಿ ಒಂದು ದಿನ, ಮೂತ್ರದಲ್ಲಿ ಮೂರು ನಾಲ್ಕು ದಿನದವರೆಗೆ ಸಿಗುತ್ತವೆ. ಆದ್ದರಿಂದ ಮೊದಲ ಮೂತ್ರದ ಮಾದರಿ ಬಹಳ ಮುಖ್ಯ. ಸ್ನಾನ ಮಾಡಿಸಿ, ಬಟ್ಟೆ ಒಗೆದು, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಆಮೇಲೆ ಆಸ್ಪತ್ರೆ ಎಂದರೆ ಸಾಕ್ಷ್ಯ ಹೋಗಿರುತ್ತದೆ. ಬಟ್ಟೆಯನ್ನು ಪ್ಲಾಸ್ಟಿಕ್ಕಿಗೆ ಹಾಕದೆ ಕಾಗದದಲ್ಲಿ ಸುತ್ತಿಡಿ. ಲೈಂಗಿಕ ದೌರ್ಜನ್ಯಕ್ಕೊಳಗಾದವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಎಫ್‌ಐಆರ್ ತಂದರೆ ಮಾತ್ರ ನೋಡುತ್ತೇವೆ ಎನ್ನುವಂತಿಲ್ಲ. ‘ಎರಡು ಬೆರಳಿನ ಪರೀಕ್ಷೆ’ ಮಾಡುವಂತಿಲ್ಲ, ಅದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೊಮ್ಮೆ ಖಂಡಿಸಿದೆ.

ಇನ್ನು ಚಟದ ಚಿಕಿತ್ಸೆ. ಮನೆಗೆ ಬಂದ ಹುಡುಗಿ ರಾತ್ರಿ ಬೆವರುತ್ತಾಳೆ, ನಡುಗುತ್ತಾಳೆ, ಕಿರುಚುತ್ತಾಳೆ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ ಎನ್ನುತ್ತಾಳೆ. ಗಾಳಿ ಎಂದು ತಾಯತ ಕಟ್ಟಿಸುತ್ತೇವೆ, ಕೋಣೆಗೆ ಕೂಡಿಹಾಕುತ್ತೇವೆ. ಅದು ಗಾಳಿಯಲ್ಲ. ಬಹಳ ದಿನ ಕುಡಿದವರು ತಟ್ಟನೆ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ನಡುಕ ಶುರುವಾಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಭ್ರಮೆ, ಜ್ವರ, ಪ್ರಜ್ಞೆಯ ಏರುಪೇರು. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಪ್ರಾಣವೇ ಹೋಗಬಹುದು. ನಿದ್ದೆ ಮಾತ್ರೆಯ ಚಟವನ್ನು ತಟ್ಟನೆ ನಿಲ್ಲಿಸಿದರೂ ಫಿಟ್ಸ್ ಬರಬಹುದು. ಇದಕ್ಕೆ ಔಷಧ ಇದೆ, ಥಯಾಮಿನ್ ಎಂಬ ವಿಟಮಿನ್ ಇದೆ, ಕೆಲವು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡರೆ ಮೈ ಸುಧಾರಿಸುತ್ತದೆ. ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮನೋವೈದ್ಯ ವಿಭಾಗ ಇದೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬರುವ ವ್ಯವಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಕಾಸು ಕಿತ್ತು, ಸರಪಳಿ ಹಾಕಿ, ಹೊಡೆದು ಬಿಡಿಸುತ್ತೇವೆ ಎನ್ನುವ ಜಾಗಗಳಿಗೆ ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಮದ್ಯ, ಮಾದಕ ವಸ್ತುಗಳಿಂದಾಗುವ ಸ್ಥಿತಿಯೂ ಕಾಯಿಲೆಯೇ. ವ್ಯಸನಿಗಳನ್ನು ಒಳರೋಗಿಯಾಗಿ ಇಟ್ಟುಕೊಳ್ಳುವ ಕೇಂದ್ರಕ್ಕೆ ನೋಂದಣಿ ಇರಲೇಬೇಕು. ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಶೋಷಣೆಯಿಂದ ಪಾರಾಗಿ ಬಂದ ಹೆಣ್ಣುಮಗಳನ್ನು ಗಂಡಸರೇ ತುಂಬಿದ ಶಿಬಿರಕ್ಕೆ ಸೇರಿಸುವ ತಪ್ಪನ್ನಂತೂ ಮಾಡಬಾರದು.

ಚಟ ಮರುಕಳಿಸುತ್ತದೆ, ಒಂದೇ ಸಲಕ್ಕೆ ಬಿಟ್ಟವರು ಕಡಿಮೆ. ಬಿಡಿಸಿ ತಂದ ಹುಡುಗಿ ಮತ್ತೆ ಕುಡಿದಳು ಎಂದರೆ ‘ಅವಳ ಬುದ್ಧಿಯೇ ಅಂಥದ್ದು’ ಎಂದು ಕೈಬಿಡುತ್ತಾರೆ. ಕಾಲು ಮುರಿದವನು ಎರಡನೇ ಸಲ ಬಿದ್ದರೆ ಹಾಗೆನ್ನುತ್ತೇವೆಯೇ? ಅವಳು ಹಿಂದಿರುಗಿ ಹೋಗುವುದು ಆ ಜನರ ಮೇಲಿನ ಪ್ರೀತಿಗಲ್ಲ, ಮೈ ಬೇಡುವ ಮಾತ್ರೆಗೆ. ಚಿಕಿತ್ಸೆ ಕೊಡಿಸದೆ ಬರೀ ಬಿಡಿಸಿ ತರುವುದು ಅರ್ಧ ಕೆಲಸ.

ಊರಿನ ಕೈಯಲ್ಲಿ ಇರುವುದು

ಬಾಯಿ ಮುಚ್ಚಿಸುವ ಕೆಲಸವನ್ನು ಊರೇ ಮಾಡುತ್ತದೆ. 2024ರ ಲೋಕಸಭೆ ಚುನಾವಣೆಯ ಹೊತ್ತಿನಲ್ಲಿ ಹಾಸನ ಜಿಲ್ಲೆಯಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹಂಚಿಕೆಯಾದವು. ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳ ಮುಖವನ್ನೂ ಮರೆಮಾಡದೆ ಫೋನಿಂದ ಫೋನಿಗೆ ದಾಟಿಸಿದವರು ನಮ್ಮ ನಿಮ್ಮಂಥವರೇ. ಅದು ಬೇರೆಯದೇ ಪ್ರಕರಣ. ಆದರೆ ಅದನ್ನು ಕಂಡ ಯಾವ ಹುಡುಗಿ ತನಗಾದದ್ದನ್ನು ಬಾಯಿಬಿಟ್ಟಾಳು? ಲೈಂಗಿಕ ಅಪರಾಧಕ್ಕೊಳಗಾದವರ ಗುರುತು ಹೊರಹಾಕುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೂ ಅಪರಾಧವೇ.

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಹೆಂಗಸರು ಮತ್ತು ಮಕ್ಕಳ ಸಾಗಾಣಿಕೆ ತಡೆಗೆ ‘ಕಾವಲು ಸಮಿತಿ’ ಇರಬೇಕೆಂದು ಸರ್ಕಾರದ ವ್ಯವಸ್ಥೆ ಇದೆ. ನಿಮ್ಮ ಪಂಚಾಯಿತಿಯಲ್ಲಿ ಅದು ಕೊನೆಗೆ ಸೇರಿದ್ದು ಯಾವಾಗ ಎಂದು ಪಿಡಿಒ ಅವರನ್ನು ಕೇಳಿ. ನಡಾವಳಿ ಪುಸ್ತಕ ತೋರಿಸಲಿ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ, ಶಾಲೆ ಬಿಟ್ಟ ಹೆಣ್ಣುಮಕ್ಕಳು ಈಗ ಎಲ್ಲಿದ್ದಾರೆ ಎಂಬ ಒಂದೇ ಪ್ರಶ್ನೆ ಎತ್ತಿದರೂ ಸಾಕಷ್ಟು ಹೊರಬರುತ್ತದೆ. ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅವರನ್ನು ಒಂಟಿಯಾಗಿ ಎದುರು ನಿಲ್ಲಿಸದೆ ಸಮಿತಿಯ ಬೆಂಬಲ ಕೊಡಬೇಕು.

ಗೂಡಂಗಡಿಯ ಮದ್ಯದ ವಿಷಯದಲ್ಲಿ ಹೆಂಗಸರು ಸುಮ್ಮನೆ ಕೂತಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಪೂರ್ತಿ ನಿಷೇಧ ಆಗುತ್ತದೆಯೋ ಇಲ್ಲವೋ, ಲೈಸೆನ್ಸ್ ಇಲ್ಲದ ಮಾರಾಟ ಈಗಲೇ ಅಪರಾಧ. ಅಬಕಾರಿ ಇಲಾಖೆಗೆ ಒಬ್ಬರೇ ಹೋಗಿ ಹೇಳುವುದಕ್ಕಿಂತ ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟದ ಲೆಟರ್‌ಹೆಡ್ಡಿನಲ್ಲಿ ಹತ್ತು ಸಹಿ ಹಾಕಿ ಬರೆದುಕೊಟ್ಟು, ಸ್ವೀಕೃತಿ ಪಡೆಯಿರಿ. 18ರೊಳಗಿನವರಿಗೆ ಮದ್ಯ, ಮಾದಕ ವಸ್ತು ಕೊಟ್ಟರೆ ಬಾಲ ನ್ಯಾಯ ಕಾಯ್ದೆಯ 77ನೇ ಕಲಂನಲ್ಲಿ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳ ಕೈಲಿ ಗಾಂಜಾ ಸಾಗಿಸಿದರೆ 78ನೇ ಕಲಂನಲ್ಲಿಯೂ ಅಷ್ಟೇ. ಗಾಂಜಾ, ಮಾತ್ರೆಯ ದೂರನ್ನು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಕೊಡಬಹುದು, ಇಲ್ಲವೇ ರಾಷ್ಟ್ರೀಯ ಸಹಾಯವಾಣಿ 1933ಕ್ಕೆ ಹೇಳಬಹುದು. ಕಂತಿಗಾಗಿ ಮನೆ ಬಾಗಿಲಲ್ಲಿ ಕೂತು ಪೀಡಿಸುವವರ ಮೇಲೆ 2025ರಲ್ಲಿ ಬಂದ ಕಿರುಸಾಲ ಕಿರುಕುಳ ತಡೆ ಕಾನೂನಿನಡಿ ದೂರು ಕೊಡಬಹುದು. ಸಾಲದ ಕಿರುಕುಳ ಕಡಿಮೆಯಾದರೆ ದಲ್ಲಾಳಿಯ ಎರಡು ಸಾವಿರಕ್ಕೆ ಬೆಲೆ ಇರುವುದಿಲ್ಲ.

ಹೆಚ್ಚು ಫಲ ಕೊಡುವುದು ಕುಡಿತದ ಮನೆಯ ಬಾಗಿಲು ತಟ್ಟುವ ಕೆಲಸ ಎಂದು ನನಗೆ ಅನ್ನಿಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿಗೆ ಜನ ಹೋಗುತ್ತಾರೆ, ಏಕೆಂದರೆ ಅದು ತಮ್ಮೂರಲ್ಲೇ, ತಮ್ಮ ಜೊತೆಯವರೊಂದಿಗೇ ನಡೆಯುತ್ತದೆ. ಶಿಬಿರಕ್ಕೆ ಮೊದಲು ಒಮ್ಮೆ ವೈದ್ಯರನ್ನು ಕಂಡರೆ ಫಿಟ್ಸಿನ ಅಪಾಯ ಕಡಿಮೆಯಾಗುತ್ತದೆ. ಶಿಬಿರ ಮುಗಿದ ಮೇಲೆ ಆರು ತಿಂಗಳು ಆ ಮನೆಗೆ ಯಾರಾದರೂ ಹೋಗಿ ಬರುತ್ತಿದ್ದರೆ ಅವನೂ ಉಳಿಯುತ್ತಾನೆ, ಅವನ ಮಗಳೂ ಉಳಿಯುತ್ತಾಳೆ. ನೆಂಟರು, ಮೇಷ್ಟ್ರು, ಅಕ್ಕಪಕ್ಕದವರು ಓಡಾಡುವ ಮನೆಯಲ್ಲಿ ದಲ್ಲಾಳಿ ಕೂರುವುದಿಲ್ಲ.

ಸಹಾಯವಾಣಿಗಳು ಹೀಗಿವೆ. ಮಕ್ಕಳಿಗೆ 1098. ಹೆಂಗಸರಿಗೆ 181. ತುರ್ತಿಗೆ 112. ವ್ಯಸನ ಬಿಡಿಸಲು ಸಲಹೆ 14446. ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಉಚಿತ ವಕೀಲರಿಗೆ, ಪರಿಹಾರದ ಅರ್ಜಿಗೆ ಕಾನೂನು ಸೇವಾ ಪ್ರಾಧಿಕಾರದ 15100. ಹುಡುಗಿಯ ಫೋನ್ ಇನ್ನೊಬ್ಬರ ಕೈಯಲ್ಲಿರಬಹುದು. ಆದ್ದರಿಂದ ಈ ಅಂಕಿಗಳು ಗೋಡೆಯ ಮೇಲೆ ಇರಬೇಕು: ಹೈಸ್ಕೂಲಿನ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲ ಒಳಗೆ, ಹಾಲಿನ ಡೇರಿಯಲ್ಲಿ, ಶಾಂತಿಗ್ರಾಮ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಸ್ ನಿಲ್ದಾಣಗಳ ಕಂಬಗಳಲ್ಲಿ. ಜೊತೆಗೆ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆಂದು ವಿಚಾರಿಸಿ, ಅದನ್ನೂ ಕೆಳಗೆ ಬರೆಸಿ. ಪೇಂಟು, ಬ್ರಷ್ಷಿಗೆ ಆಗುವ ಖರ್ಚು ಒಂದು ಸಂಘದ ಒಂದು ವಾರದ ಉಳಿತಾಯವನ್ನೂ ಮೀರುವುದಿಲ್ಲ. ಮುಂದಿನ ಸಂಘದ ಸಭೆಯಲ್ಲೇ ಈ ಮಾತು ಎತ್ತಿ.